ಅಷ್ಟಮಿಯ ತಾರೀಖು

ನಾಲ್ಕನೇ ಸಲವೂ ಯಂತ್ರ ಏನೂ ಹೇಳಲಿಲ್ಲ. ಜಗದೇವಿ ಫ್ಲಾಪಿ ತೂರಿಸಿದಳು, ಅದು ಗರಗರ ಎಂದಿತು, ಪರದೆಯ ಮೇಲೆ ಹಸಿರು ಗೆರೆ ಮತ್ತೆ ಮಿನುಗತೊಡಗಿತು. ತಪ್ಪಾಗಿದೆ ಎಂದಾದರೂ ಅಂದಿದ್ದರೆ ಬೈದುಕೊಂಡು ಸರಿಮಾಡಬಹುದಿತ್ತು. ಎಲ್ಲ ಮುಗಿಯಿತು ಎಂಬಂತೆ ಸುಮ್ಮನೆ ಕೂತಿತ್ತು. ದಾಸ್ತಾನಿನ ಪಟ್ಟಿ ಕೇಳಿದರೆ ಮಾತ್ರ, ಅಂಥದ್ದೇನೂ ಇಲ್ಲಿಲ್ಲ ಎನ್ನುತ್ತಿತ್ತು.

ಆಗಲೇ ಎರಡೂವರೆ. ನಾಲ್ಕಕ್ಕೆ ರೈಲ್ವೆಯಿಂದ ಶಂಕರನಾರಾಯಣ ಎಂಬ ಅಧಿಕಾರಿ ಬರುವವರಿದ್ದರು. ಮದ್ರಾಸಿನ ಗಿಂಡಿಯಲ್ಲಿರುವ ಈ ವಾಲ್ವ್ ಕಾರ್ಖಾನೆಯ ದಾಸ್ತಾನು ಕಂಪ್ಯೂಟರಿನಿಂದ ಅಚ್ಚಾಗಿ ಬರುವುದನ್ನು ಅವರು ಕಣ್ಣಾರೆ ನೋಡಬೇಕಂತೆ. ಪಟ್ಟಿ ಅಚ್ಚಾಗಿ ಬಂದರೆ ಯಂತ್ರ ಉಳಿಯುತ್ತದೆ, ಜಗದೇವಿಯ ಕೆಲಸವೂ ಖಾಯಂ. ಬರದಿದ್ದರೆ ಯಂತ್ರ ಬಂದ ಪೆಟ್ಟಿಗೆಯಲ್ಲೇ ವಾಪಸು. ಅವಳೂ ಪಲ್ಲಾವರಂನ ಮನೆಗೆ, ಅವ್ವ ಜೋಡಿಸಿಟ್ಟ ವರಗಳ ಫೋಟೋಗಳ ಮುಂದಕ್ಕೆ.

"ಯಾಕವ್ವಾ, ಆತೇನು?" ಮಾಲೀಕ ಗಂಗಾಧರಪ್ಪ ಐದು ನಿಮಿಷಕ್ಕೊಮ್ಮೆ ಬಂದು ಇಣುಕುತ್ತಿದ್ದರು. ಅವಳ ಅಪ್ಪನ ಹಳೆಯ ಗೆಳೆಯ. ಕಲಬುರ್ಗಿ ಬಿಟ್ಟು ಮೂವತ್ತು ವರ್ಷವಾಗಿತ್ತು, ಮಾತಿನಲ್ಲಿ ಅಲ್ಲಲ್ಲಿ ತಮಿಳು ಸೇರಿಕೊಂಡಿತ್ತು.

"ಇಲ್ಲ ಕಾಕಾ. ಯಂತ್ರ ಕೊಟ್ಟ ಕಂಪನಿಗೆ ಫೋನ್ ಮಾಡ್ದೆ. ಫ್ಲಾಪಿ ಸರಿ ಅದ, ನೀವೇ ಏನೋ ತಪ್ಪು ಮಾಡೀರಿ ಅಂತಾರ."

"ರೊಂಬ ಶಾಣ್ಯಾರು ಬಿಡು ಅವರು!"

ಜಗದೇವಿ ಎದ್ದಳು, ನೀರು ಕುಡಿದಳು, ಕೂತಳು, ಮತ್ತೆ ಎದ್ದಳು. ಕೊನೆಗೆ ಬೇರೆ ದಾರಿ ಕಾಣದೆ, ಫ್ಲಾಪಿಯೊಳಗಿನ ಆಜ್ಞೆಗಳನ್ನು ಪರದೆಗೆ ತಂದು ಒಂದೊಂದೇ ಸಾಲು ಓದಿದಳು. ಇಪ್ಪತ್ತಮೂರನೇ ಸಾಲಿನಲ್ಲಿ ಬೆರಳು ನಿಂತಿತು. ಯಂತ್ರದ ಇವತ್ತಿನ ತಾರೀಖಿಗಿಂತ ಮುಂದಿನ ತಾರೀಖಿನ ಕಡತ ಸಿಕ್ಕರೆ ಅದನ್ನು ಬಿಟ್ಟುಬಿಡು. ಬಿಟ್ಟೆ ಎಂದು ಹೇಳು ಅಂತ ಮಾತ್ರ ಬರೆದಿರಲಿಲ್ಲ ಆ ಪುಣ್ಯಾತ್ಮ. ಕಂಪನಿಯವರು ಫ್ಲಾಪಿ ತುಂಬಿ ಕಳಿಸಿದ್ದು ಇವತ್ತು, ಗುರುವಾರ ಬೆಳಿಗ್ಗೆ. ಯಂತ್ರದಲ್ಲಿ ಇನ್ನೂ ಬುಧವಾರ.

ಅದು ಬುಧವಾರವಾದದ್ದು ಅವಳ ಕೈಯಿಂದಲೇ. ಮುಹೂರ್ತ ಇಟ್ಟದ್ದು ನಿನ್ನೆಗೆ. ಯಂತ್ರಕ್ಕೆ ವಿಭೂತಿ ಹಚ್ಚಿ ಮಾಲೆ ಹಾಕಿ ಕೂತರೆ, ಇಡೀ ದಿನ ಕರೆಂಟೇ ಬರಲಿಲ್ಲ. ಇವತ್ತು ಬೆಳಿಗ್ಗೆ ಗುಂಡಿ ಒತ್ತಿದೊಡನೆ ಯಂತ್ರ ತಾರೀಖು ಕೇಳಿತು. "ನಿನ್ನೀದು ಹಾಕವ್ವಾ, ಇವತ್ತು ಅಷ್ಟಮಿ. ಅದಕ್ಕೇನು ತಿಳೀತದ?" ಎಂದಿದ್ದರು ಗಂಗಾಧರಪ್ಪ. ಅವಳಿಗೆ ನಗು ಬಂದಿತ್ತು, ಆದರೆ ಅವರ ಬಲಗೈ ನೋಡಿ ನುಂಗಿಕೊಂಡಿದ್ದಳು. ಮದ್ರಾಸಿಗೆ ಬಂದ ಹೊಸತರಲ್ಲಿ, ಅಷ್ಟಮಿ ಬೇಡವೆಂದವರನ್ನು ಗೇಲಿ ಮಾಡಿ ಅವರು ಮೊದಲ ಲೇತು ಚಾಲೂ ಮಾಡಿದ್ದರು. ಆ ಕೈಯಲ್ಲಿ ಈಗ ಮೂರೇ ಬೆರಳು.

"ಕಾಕಾ, ತಾರೀಖಿನಿಂದ ಆಗ್ಯದ. ಇವತ್ತಿಂದು ಹಾಕಬೇಕು."

ಗಂಗಾಧರಪ್ಪ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. ಹೊರಗೆ ಲೇತುಗಳು ಒಂದೇ ಸಮ ಕೂಗುತ್ತಿದ್ದವು.

"ನಾಳೆ ಮಾಡಿದ್ರ?"

"ನಾಳೆ ನವಮಿ, ಅದೂ ಕೆಟ್ಟದ್ದೇ. ಮತ್ತ ರೈಲ್ವೆಯವರು ಬರೋದು ಇವತ್ತಲ್ಲಾ?"

"ಏಳು," ಎಂದರು. "ನಾ ಒತ್ತತೀನಿ."

"ಯಾಕ ಕಾಕಾ, ನಾನೇ..."

"ಏಳಂದೆ. ನಿನ್ನ ಕೈ ಬ್ಯಾಡ."

ಯಂತ್ರ ಆರಿಸಿ ಮತ್ತೆ ಹಚ್ಚಿದರು. ಅವಳು ಒಂದೊಂದೇ ಅಂಕಿ ಹೇಳಿದಳು, ಅವರು ಹುಡುಕಿ ಹುಡುಕಿ ಒತ್ತಿದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಫ್ಲಾಪಿ ಈ ಸಲ ಬಹಳ ಹೊತ್ತು ಗರಗರ ಎಂದಿತು. ಪಟ್ಟಿ ಕೇಳಿದ್ದೇ ತಡ, ಪ್ರಿಂಟರು ಚೀರುತ್ತ ಓಡತೊಡಗಿತು.

"ಬಂತು ಕಾಕಾ, ಬಂತು!" ಜಗದೇವಿಗೆ ಕಣ್ಣು ತುಂಬಿತು. ಕಾಗದ ಓರೆಯಾಗುತ್ತಿತ್ತು, ನೆಟ್ಟಗೆ ಮಾಡಲು ಕೈ ಚಾಚಿದಳು.

ಗಂಗಾಧರಪ್ಪ ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆಳೆದರು. ಕಾಗದ ಓರೆಯಾಗಿಯೇ ಬಂತು, ತಲೆಯ ಮೇಲೆ ಗುರುವಾರದ ತಾರೀಖು. ಹೊರಗೆ ಕಾರು ನಿಂತ ಸದ್ದಾಯಿತು. ಆ ಮೂರು ಬೆರಳು ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.