ಕೊಸರಿನ ನಿಂಬೆಹೋಳು

ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದೆ ಗೌಹರನ ಕೋಳಿ ಅಂಗಡಿ. ಬೆಳಗಿನ ಬಿಸಿಲಲ್ಲಿ ಬಿಸಿನೀರಿನ ಹಂಡೆಯಿಂದ ಆವಿ ಏಳುತ್ತಿತ್ತು. ಅದರೊಳಗೆ ಬಿಳಿ ಪುಕ್ಕಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ಆ ಮಬ್ಬಿನಲ್ಲಿ ಕೂತರೆ ಎಚ್ಚರ ಯಾವುದು, ಜೊಂಪು ಯಾವುದು ಗೌಹರನಿಗೇ ತಿಳಿಯುತ್ತಿರಲಿಲ್ಲ. ಕೈ ತನ್ನ ಪಾಡಿಗೆ ದುಡಿಯುತ್ತಿತ್ತು. ಕೋಳಿ ಕಡಿದಾದ ಮೇಲೆ ಅದೇ ಕೊರಡಿನ ಮೇಲೆ, ಅದೇ ಕತ್ತಿಯಿಂದ ನಿಂಬೆಹಣ್ಣು ಹೋಳು ಮಾಡಿ ಪೊಟ್ಟಣದಲ್ಲಿಡುವುದು ಅವನಪ್ಪನ ಕಾಲದ ಪದ್ಧತಿ. ದುಡ್ಡಿಲ್ಲದೆ ಮೇಲೆ ಕೊಡುವ ಕೊಸರು! ಪಕ್ಕದ ಹುಡಗಿ ಊರಿನಿಂದ ಬಂದವರೂ ಅದನ್ನು ಕೇಳಿಯೇ ಒಯ್ಯುತ್ತಿದ್ದರು.

ಎಪ್ಪತ್ತೆಂಟನೇ ಇಸವಿಯ ಚಳಿಗಾಲದಲ್ಲಿ ಮಗಳು ವಹೀದಾ ಬಾಣಂತನಕ್ಕೆ ಬಂದಿದ್ದಳು. ಗೌಹರ ಒಳ್ಳೆಯ ಜವಾರಿ ಕೋಳಿಯನ್ನೇ ಆರಿಸಿ ಕಡಿದು ಒಯ್ದ. ಹೆಂಡತಿ ಹಜಿರಾ ಬೀ ಸಾರು ಕುದಿಸಿದಳು. ಬಾಣಂತಿಗೆ ಹುಳಿ ಕೊಟ್ಟರೆ ಹೆಂಡತಿ ಗದರುತ್ತಾಳೆಂದು, ಗೌಹರ ಪೊಟ್ಟಣದ ನಿಂಬೆಹೋಳನ್ನು ಗುಟ್ಟಾಗಿ ಮಗಳ ಕೈಗಿಟ್ಟ. ಮಗಳು ನಗುತ್ತ ಚೀಪಿದಳು.

ಮರುದಿನವೇ ವಾಂತಿ, ಭೇದಿ, ಕೆಂಡದಂಥ ಜ್ವರ. ಹಜಿರಾ ಬೀ ಇದು ನಜರು, ಕೆಟ್ಟ ಕಣ್ಣು ತಾಗಿದೆ ಎಂದಳು. ಕೂಸನ್ನೆತ್ತಿ ಮುದ್ದಾಡಿದ ಪಕ್ಕದ ಮನೆಯ ಮೀರಾಬಾಯಿಯ ನಜರಂತೆ! ಮಕ್ಕಳಿಲ್ಲದ ಹೆಂಗಸು ಸಿಕ್ಕರೆ ಓಣಿಯ ಬಾಯಿಗೆ ಹಬ್ಬವಲ್ಲವೇ? ಅವಳನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

ದವಾಖಾನೆಯಲ್ಲಿ ಸಲೈನ್ ಹಚ್ಚಿದ ಡಾಕ್ಟರು, ಹಸಿ ಕೋಳಿ ತಾಗಿದ್ದನ್ನು ಏನಾದರೂ ಕುದಿಸದೆ ತಿಂದಳೇ ಎಂದು ಕೇಳಿದರು. ಹಜಿರಾ ಬೀ ಇಲ್ಲವೆಂದಳು. ಮಧ್ಯಾಹ್ನ ಮಗಳ ಕಾಲ ಬಳಿ ಗೌಹರನಿಗೆ ಜೊಂಪು ಹತ್ತಿತು. ಪುಕ್ಕಗಳು ಆ ಕೋಣೆಗೂ ತೇಲಿಬಂದವು. ಅವುಗಳ ನಡುವೆ ಅವನದೇ ಕೈ ಕೋಳಿಯ ಕರುಳು ತೆಗೆಯಿತು, ಸೊಂಟದ ಬಟ್ಟೆಗೆ ಒರೆಸಿಕೊಂಡಿತು, ನಿಂಬೆಹಣ್ಣು ಕೊಯ್ದಿತು. ನಿಧಾನವಾಗಿ, ಪ್ರೀತಿಯಿಂದ, ಮತ್ತೆ ಮತ್ತೆ. ಅವನು ಬೆವೆತು ಎದ್ದ.

ಮೂರನೇ ದಿನ ವಹೀದಾ ಚೇತರಿಸಿಕೊಂಡಳು. ತಾನು ಮೆಣಸಿನಕಾಯಿ ನಿವಾಳಿಸಿದ್ದೇ ಫಲಿಸಿತೆಂದು ಹಜಿರಾ ಬೀ ಓಣಿಗೆಲ್ಲ ಸಾರಿದಳು. ಗೌಹರ ಸುಮ್ಮನಿದ್ದರೆ ಅಂಗಡಿ ಉಳಿಯುತ್ತಿತ್ತು, ಅಪ್ಪನ ಹೆಸರೂ ಉಳಿಯುತ್ತಿತ್ತು. ಆದರೂ ನಾಲ್ಕು ಜನರೆದುರು ಮೀರಾಬಾಯಿಯ ಕಟ್ಟೆಯ ಮುಂದೆ ಹೋಗಿ ನಿಂತ.

“ನಿಮ್ಮ ಕಣ್ಣಲ್ರಿ ಬಾಯಾರ, ನನ್ನ ಕೈ. ಕೋಳಿ ಕೊಯ್ದ ಕತ್ತೀಲೇ ನಿಂಬಿಹಣ್ಣು ಕೊಯ್ದು ನಾನೇ ಮಗಳಿಗಿ ಕೊಟ್ಟಿದ್ದೆ.”

ಮೀರಾಬಾಯಿ ಬಯ್ಯಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು.

“ಮೂರು ದಿನದಿಂದ ನಾನೂ ನನ್ನ ಕಣ್ಣೇ ಅಂತ ತಿಳಕೊಂಡಿದ್ನಿರಿ, ಅಣ್ಣಾ,” ಎಂದಳು.