ವಿರೂಪಾಕ್ಷ ಬರುತ್ತಿದ್ದಾರೆ

ನಾನು ಒಂದು ಮೊಬೈಲ್ ಫೋನು. ಹುಟ್ಟಿದ್ದು ಕಿಟಕಿಗಳಿಲ್ಲದ ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹುಡುಗಿಯರು ಸಾಲಾಗಿ ಕುಳಿತು ನನ್ನನ್ನು ಜೋಡಿಸಿದರು. ಸಾಲಿನ ಕೊನೆಯವಳು ನನ್ನ ಕ್ಯಾಮೆರಾವನ್ನು ತನ್ನ ಮುಖಕ್ಕೆ ಹಿಡಿದು ಪರೀಕ್ಷಿಸಿದಳು. ಬಾಯಿ ಮೂಗು ಮುಚ್ಚಿಕೊಂಡಿದ್ದಳು. ಕಣ್ಣು ಮಾತ್ರ ಕಂಡವು. ಆ ಚಿತ್ರವನ್ನು ಅಳಿಸಿ ನನ್ನನ್ನು ಡಬ್ಬಿಗೆ ಹಾಕಿದರು.

ಮೊದಲು ನನ್ನನ್ನು ಕೊಂಡವಳು ಹುಬ್ಬಳ್ಳಿಯ ಒಬ್ಬ ಕಾಲೇಜು ಹುಡುಗಿ. ಹೂವಿನ ಚಿತ್ರದ ಕವಚ ತೊಡಿಸಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ನನ್ನಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ನನ್ನನ್ನು ಹೆತ್ತ ಕಂಪನಿಯೇ ನನಗೊಬ್ಬ ತಮ್ಮನನ್ನು ಹೆತ್ತಿತು. ಆ ದಿನವೇ ನಾನು ಹಳಬನಾದೆ. ಕವಚ ಕಳಚಿ ನನ್ನನ್ನು ಹಳೆ ಫೋನಿನ ಅಂಗಡಿಗೆ ಕೊಟ್ಟಳು.

ಅಲ್ಲಿಂದ ನನ್ನನ್ನು ಎತ್ತಿಕೊಂಡವನು ವಿರೂಪಾಕ್ಷ. ಅವನು ಕೇಶ್ವಾಪುರದ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದವನು. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋಗೆ ಬರುವವರು ಇಲ್ಲವಾದರು. ಬಾಗಿಲು ಹಾಕುವ ದಿನ ಅವನು ದೀಪಗಳನ್ನೆಲ್ಲ ಹಚ್ಚಿ ತನ್ನದೇ ಒಂದು ಫೋಟೋ ತೆಗೆದುಕೊಂಡನಂತೆ. ಊರವರ ಮುಖಗಳನ್ನೆಲ್ಲ ತೆಗೆದವನ ಬಳಿ ತನ್ನದೆಂದು ಇದ್ದ ಒಳ್ಳೆಯ ಫೋಟೋ ಅದೊಂದೇ. ಅವನ ಕೆಲಸ ಕಿತ್ತುಕೊಂಡದ್ದು ನನ್ನಂಥವರು. ಇನ್ನೊಂದು ಕೆಲಸ ಬೇಕೆಂದರೆ ಬೇಕಾದದ್ದೂ ನನ್ನಂಥದ್ದೇ. ಮನೆ ಮನೆಗೆ ಊಟ ಮುಟ್ಟಿಸುವ ಕಂಪನಿಗೆ ಅವನು ಸೇರಿಕೊಂಡ.

ನನ್ನನ್ನು ಗಾಡಿಯ ಹ್ಯಾಂಡಲಿಗೆ ಸಿಕ್ಕಿಸುತ್ತಿದ್ದ. ಅಲ್ಲಿಂದ ಅವನ ಗದ್ದದ ಕೆಳಭಾಗ, ಮೂಗಿನ ಹೊಳ್ಳೆ, ಅದರಾಚೆ ಆಕಾಶ ಕಾಣುತ್ತಿದ್ದವು. ಪೂರ್ತಿ ಮುಖ ಕಾಣುತ್ತಿದ್ದುದು ಕಂಪನಿ ಕೇಳಿದಾಗ ಮಾತ್ರ. ಕೆಲಸದ ಖಾತೆ, ಅಂದರೆ ಐಡಿ, ಯಾರದೋ ಅವನೇ ಗಾಡಿ ಓಡಿಸುತ್ತಿದ್ದಾನೆಯೇ ಎಂದು ತಿಳಿಯಲು ಆಗೊಮ್ಮೆ ಈಗೊಮ್ಮೆ ಮುಖ ತೋರಿಸು ಎನ್ನುತ್ತಿತ್ತು. ಗಿರಾಕಿಗಳು ಕೊಡುವ ನಕ್ಷತ್ರಗಳು ಆ ಐಡಿಗೆ ಸೇರುತ್ತಿದ್ದವು. ನಕ್ಷತ್ರ ಹೆಚ್ಚಿದ್ದವರಿಗೆ ಹತ್ತಿರದ ಆರ್ಡರು, ಇಲ್ಲದವರಿಗೆ ಊರಾಚೆಯದು. ವಿರೂಪಾಕ್ಷ ಜ್ವರದಲ್ಲೂ ನಗುನಗುತ್ತ ಬಾಗಿಲು ತಟ್ಟಿ ನಕ್ಷತ್ರಗಳನ್ನು ಕೂಡಿಸಿದ್ದ.

ಅವನ ಕಣ್ಣಿನ ಬಿಳಿ ಹಳದಿಯಾಗುತ್ತಿದ್ದುದನ್ನು ಮೊದಲು ಕಂಡವನು ನಾನು. ಕಂಪನಿ ಕೇಳಿದ್ದು ಇವನು ಅವನೇ ಹೌದೋ ಅಲ್ಲವೋ ಎಂದಷ್ಟೇ. ನಾನು ಹೌದೆಂದೆ. ಅವನು ಗಾಡಿ ಓಡಿಸಿದ. ಕಾಮಾಲೆ ತಲೆಗೇರಿದ ಮೇಲೆ ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ.

ಅವನ ಹೆಂಡತಿ ಕಸ್ತೂರಿ ಅಳಲಿಲ್ಲ. ಸ್ಟುಡಿಯೋದ ಆ ಫೋಟೋಗೆ ಕಟ್ಟು ಹಾಕಿಸಿ, ಗಾಜಿನ ಮೇಲೆ ಹಣೆಯ ಜಾಗಕ್ಕೆ ವಿಭೂತಿ ಬಳಿದು, ಹಾರ ಹಾಕಿ ತೂಗುಹಾಕಿದಳು. ಅವಳ ಅಣ್ಣ ಬಂದು, ಬಾಡಿಗೆ ಕಟ್ಟಲಾಗದಿದ್ದರೆ ಕೋಣೆ ಬಿಟ್ಟು ನರಗುಂದಕ್ಕೆ ಬಂದುಬಿಡು ಎಂದು ಹೇಳಿ ಹೋದ. ಅತ್ತಿಗೆಯ ಮುಂದೆ ತಟ್ಟೆ ಹಿಡಿದು ಕೂರುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅವಳ ತಾಯಿ ಹಾಗೆ ಕೂತವಳು.

ವಿರೂಪಾಕ್ಷನ ಜೊತೆ ಅದೇ ಕೆಲಸ ಮಾಡುತ್ತಿದ್ದ ಇಮಾಮ್ ಬಾಗಿಲಲ್ಲೇ ನಿಂತು ನನ್ನತ್ತ ಕೈ ತೋರಿಸಿದ.

“ಹೊಸಾ ಐಡಿ ತಗದ್ರ ಬೈಪಾಸಿನಾಚೆ ಆರ್ಡರ್ ಬೀಳ್ತಾವ ವೈನಿ, ಪೆಟ್ರೋಲಿಗೂ ಸಾಲೂದಿಲ್ಲ. ಅಣ್ಣಂದು ಬಂಗಾರದಂಥ ಐಡಿ. ಅದನ್ನರ ಸಾಯಾಕ ಬಿಡಬ್ಯಾಡ್ರಿ.”

ಕಸ್ತೂರಿಗೆ ಗಾಡಿ ಓಡಿಸಲು ಬರುತ್ತಿತ್ತು. ಕಂಪನಿಗೆ ಸಾವಿನ ಸುದ್ದಿ ತಿಳಿಸಲಿಲ್ಲ. ಮರುದಿನದಿಂದ ಅವಳು ಹೊರಟಳು. ಊಟ ತರಿಸಿದವರ ಫೋನುಗಳಲ್ಲಿ ಎಂದಿನಂತೆ ‘ವಿರೂಪಾಕ್ಷ ಬರುತ್ತಿದ್ದಾರೆ’ ಎಂದು ಮೂಡುತ್ತಿತ್ತು.

ಅವರ ಮನೆತನದಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ರೂಢಿಯಿಲ್ಲ. ಅವನು ಬದುಕಿದ್ದಾಗ ಕಸ್ತೂರಿ ಒಮ್ಮೆಯೂ ಆ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮೊದಲ ದಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವನು ತಡೆದು ಹೆಸರು ಕೇಳಿದ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ.

“ವಿರೂಪಾಕ್ಷ,” ಎಂದಳು.

“ಅದು ಗಂಡಸರ ಹೆಸರಲ್ಲೇನವಾ?”

“ನಮ್ಮನಿಯವರದ್ರಿ.”

“ಹಂಗಂದ್ರ ಅವರು ಮನ್ಯಾಗ ಮಲ್ಕೊಂಡು ನಿಮ್ಮನ್ನ ಕಳಸ್ಯಾರೇನು?”

“ಹೌದ್ರಿ. ಮಲ್ಕೊಂಡಾರ.”

ಕಾವಲಿನವನು ನಗುತ್ತ ಗೇಟು ತೆಗೆದ. ಆಮೇಲೆ ಅವಳಿಗೆ ರೂಢಿಯಾಯಿತು. ಗೇಟು ಗೇಟಿನಲ್ಲೂ ಆ ಹೆಸರು ಹೇಳುತ್ತ ಒಳಗೆ ಹೋಗುತ್ತಿದ್ದಳು. ಕೆಲವೊಮ್ಮೆ ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.

ಮುಖ ತೋರಿಸು ಎಂದು ಕಂಪನಿ ಕೇಳಿಯೇ ಕೇಳಿತು. ಅವಳು ಮನೆಗೆ ಬಂದು ನನ್ನನ್ನು ಫೋಟೋದ ಎದುರು ಹಿಡಿದಳು. ವಿಭೂತಿ ಬಳಿದ ಹಣೆಯನ್ನು ನಾನು ಗುರುತಿಸಲಿಲ್ಲ. ಇನ್ನೊಮ್ಮೆ ಹಿಡಿದಳು, ಗುರುತಿಸಲಿಲ್ಲ. ಆಗ ಸೆರಗಿನ ತುದಿ ಒದ್ದೆ ಮಾಡಿ, ವಿಭೂತಿಯನ್ನು ಒರೆಸಿ ತೆಗೆದಳು. ಹಾರವನ್ನೂ ತೆಗೆದಳು. ಸತ್ತವನ ಗುರುತುಗಳೆಲ್ಲ ಹೋದ ಮೇಲೆ ನಾನು ಹೌದೆಂದೆ. ಆ ಹಣೆ ಅಂದಿನಿಂದ ಬೋಳಾಗಿಯೇ ಉಳಿಯಿತು. ಬಾಡಿಗೆ ಕಟ್ಟುವುದು ನಡೆಯಿತು.

ಕಂಪನಿಗಳು ನಿಂತಲ್ಲಿ ನಿಲ್ಲುವುದಿಲ್ಲ. ಮಳೆಗಾಲದ ಹೊತ್ತಿಗೆ ನನ್ನೊಳಗೆ ಹೊಸ ಸುಧಾರಣೆಯೊಂದು ಇಳಿಯಿತು. ಮುಂದಿನ ಸಲ ಅವಳು ನನ್ನನ್ನು ಫೋಟೋಗೆ ಹಿಡಿದಾಗ ಮುಖದ ಸುತ್ತ ಹಸಿರು ವೃತ್ತ ಮೂಡಿತು. ಅದರ ಕೆಳಗೆ ಎರಡು ಪದ ಬಂದವು: ಕಣ್ಣು ಮಿಟುಕಿಸಿ.

ಕಸ್ತೂರಿ ಓದಿದಳು. ನನ್ನನ್ನು ಇಳಿಸಲಿಲ್ಲ. ಫೋಟೋದ ಕಣ್ಣನ್ನೇ ನೋಡುತ್ತ ನಿಂತಳು. ಹೊರಗೆ ಗಾಡಿಯ ಮೇಲಿನ ಚೀಲದಲ್ಲಿ ಯಾರದೋ ಊಟ ಆರುತ್ತಿತ್ತು. ವೃತ್ತ ಹಳದಿಯಾಯಿತು, ಮತ್ತೆ ಹಸಿರಾಗಿ ಮತ್ತೆ ಕೇಳಿತು.

“ಒಂದಽ ಸಲ ಮಿಟುಕಸ್ರೀ,” ಎಂದಳು. ಜೋರಾಗಿ ಹೇಳಲಿಲ್ಲ. ನೀರು ಕೊಡಿರಿ ಎಂದು ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿದಳು.

ನಾನು ಕಾದೆ. ಇವನು ಅವನೇ ಎಂದು ನನಗೆ ಗೊತ್ತಿತ್ತು. ಈ ಸಲ ಕಂಪನಿ ಕೇಳಿದ್ದು ಅದನ್ನಲ್ಲ. ವೃತ್ತ ಕೆಂಪಾಯಿತು, ಐಡಿ ಮುಚ್ಚಿತು.

ಹೊಲ ಬಿಟ್ಟು ಸತ್ತರೆ ಹೊಲ ಹೆಂಡತಿಗೆ ಬರುತ್ತದೆ. ಹೆಸರಾದ ಅಂಗಡಿ ಬಿಟ್ಟು ಸತ್ತರೆ ಗಿರಾಕಿಗಳು ಉಳಿಯುತ್ತಾರೆ. ನಕ್ಷತ್ರಗಳು ಯಾರಿಗೂ ಬರಲಿಲ್ಲ. ಇಮಾಮ್ ಅವಳ ಹೆಸರಲ್ಲಿ ಹೊಸ ಐಡಿ ತೆಗೆಸಿಕೊಟ್ಟ. ಅವನು ಮೊದಲೇ ಹೇಳಿದಂತೆ ಆರ್ಡರುಗಳು ಬೈಪಾಸಿನಾಚೆ ಬಿದ್ದವು. ದೀಪಾವಳಿಗೆ ಮೊದಲೇ ಅವಳು ಗಾಡಿ ಮಾರಿ ಕೋಣೆ ಬಿಟ್ಟಳು.

ಈಗ ನಾನು ನರಗುಂದದಲ್ಲಿ, ಕಸ್ತೂರಿಯ ಟ್ರಂಕಿನಲ್ಲಿದ್ದೇನೆ. ನನ್ನ ಬ್ಯಾಟರಿ ಉಬ್ಬಿ ಬೆನ್ನು ಬಿರಿದಿದೆ. ಬೇರೆ ಮನೆಯ ಸತ್ತವರ ಫೋಟೋಗೆ ಅತ್ತಿಗೆಯ ಗೋಡೆಯಲ್ಲಿ ಜಾಗವಿರಲಿಲ್ಲ. ಅದೂ ಟ್ರಂಕಿನಲ್ಲೇ, ನನ್ನ ಮೇಲೆ ಮುಖ ಕೆಳಗಾಗಿ ಇದೆ. ಹೆಚ್ಚಾಗಿ ಗದ್ದದ ಕೆಳಭಾಗವನ್ನೇ ಕಂಡಿದ್ದ ನನಗೆ ಈಗ ಪೂರ್ತಿ ಮುಖ ಸಿಕ್ಕಿದೆ, ನೋಡಲು ಬೆಳಕಿಲ್ಲ.

ಹೊರಗೆ ಅವಳು ಪಾತ್ರೆ ತಿಕ್ಕುವ ಸದ್ದು ಕೇಳುತ್ತದೆ. ಈ ಮನೆಗೆ ಗೇಟಿಲ್ಲ, ಹೆಸರು ಕೇಳುವವರಿಲ್ಲ. ವಿರೂಪಾಕ್ಷ ಎಂದು ಅವಳು ಮತ್ತೆ ಹೇಳಿದ್ದನ್ನು ನಾನು ಕೇಳಿಲ್ಲ.