ಹಳದಿ ದೀಪದ ಕಾರು

ಅತ್ಯಂತ ಗಂಭೀರವಾದ ವಿಷಯವೊಂದು ನನ್ನ ಕಣ್ಣ ಮುಂದಿದೆ, ಸ್ಟೀರಿಂಗಿನ ಹಿಂದೆ ಹೆಸರುಕಾಳಿನಷ್ಟು ಹಳದಿ ದೀಪ ಉರಿಯುತ್ತಿದೆ — ಒಂದು ಪುಟ್ಟ ಕಾರು, ಅದರ ಹಿಂದೆ ಹಾವು ಹರಿದಂತೆ ಎರಡು ಸೊಟ್ಟ ಗೆರೆ, ಕುಡಿದವನು ಓಡಿಸಿದ್ದನ್ನು ಮಗು ಬಿಡಿಸಿದ ಹಾಗೆ, ಇದಕ್ಕೆ ಹೆದರಿದೆ ಎಂದರೆ ಕಿಬಿಚೊ ವರ್ಷವಿಡೀ ನಗುತ್ತಾನೆ, ನನ್ನ ಮೈದುನ, ಇವತ್ತಿನ ವರ ಬೇರೆ, ಬೆಳಿಗ್ಗೆ ಲಿಮುರುವಿನ ನಮ್ಮ ಓಣಿಯ ಕೆಸರಿನಲ್ಲಿ ಎರಡು ಕಾರೂ ಹೂತು ನಿಂತಾಗ ಕೈ ತೂರಿಸಿ ಈ ದೀಪದ ಗುಂಡಿ ಒತ್ತಿದವನು ಅವನೇ, ಈ ಜಪಾನಿನ ಯಂತ್ರ ಕೆಸರಲ್ಲಿ ಚಕ್ರದ ಕಾಲು ಹಿಡ್ಕೊಂಡು ಕೂತ್ಬಿಡತ್ತೆ ಅತ್ತಿಗೆ, ಇದನ್ನ ಮಲಗಿಸಿದೀನಿ, ಈಗ ತುಳೀರಿ, ತುಳಿದೆ, ಅವನ ಹೊಸ ಸೂಟಿಗೆಲ್ಲ ಕೆಸರು ಎರಚಿ ಕಾರು ಮೇಲೆ ಬಂತು, ಅವನದೂ ಹಾಗೇ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು, ಮಲಗಿಸಿದ್ದನ್ನು ಎಬ್ಬಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಈಗ ಮುಂದೆ ಪಿಕಪ್‌ನಲ್ಲಿ ನನ್ನ ಗಂಡ ಗಾಥೋಗೊ ಮತ್ತು ವಧುವಿನ ಮನೆಗೆ ಕೊಡುವ ಆಡುಗಳು, ನಡುವೆ ನಾನು, ಪಕ್ಕದಲ್ಲಿ ಅತ್ತೆ, ಹಿಂದಿನ ಸೀಟಿನ ತುಂಬ ಸಕ್ಕರೆ ಚೀಲ, ಕೊನೆಗೆ ಕಿಬಿಚೊ, ಅವನ ಜೊತೆ ನನ್ನ ಮಗಳು ವಾಂಗೇಚಿ — ಚಿಕ್ಕಪ್ಪನ ಕಾರಲ್ಲಿ ಹಾಡು ಇದೆ ಅಮ್ಮ, ನಿನ್ನ ಕಾರಲ್ಲಿ ಬರೀ ಅಜ್ಜಿ.

ಹೊಗೆಯಂಥ ಮಂಜು, ಕಣಿವೆಗಿಳಿಯುವ ರಸ್ತೆ, ಗುಡ್ಡದಿಂದ ಜಾರಿದ ಕೆಂಪು ಕೆಸರು ಟಾರಿನ ಮೇಲೆ ತೆಳ್ಳಗೆ ಹರಡಿದೆ, ಎಡಕ್ಕೆ ಏನೂ ಇಲ್ಲ, ಗಾಳಿ ಮಾತ್ರ, ಮೊಂಬಾಸಾದಲ್ಲಿ ಕಾರು ಕೊಳ್ಳುವಾಗ ನಾವೆಲ್ಲ ಸೀಟು ಒತ್ತಿ ನೋಡುತ್ತಿದ್ದೆವು, ಮಾರುವವನು ಮಾತ್ರ ಈ ಗುಂಡಿ ತೋರಿಸಿ ಹೇಳಿದ್ದ, ಅಮ್ಮಾ, ನೀವು ಒಂದು ಕಡೆ ತಿರುಗಿಸಿ ಕಾರು ಇನ್ನೊಂದು ಕಡೆ ಹೊರಟ್ರೆ ಇದಕ್ಕೆ ನಿಮಗಿಂತ ಮೊದಲೇ ಗೊತ್ತಾಗತ್ತೆ, ಯಾವ ಚಕ್ರ ಹಿಡೀಬೇಕೋ ಅದೊಂದನ್ನೇ ಹಿಡಿದು ದಾರಿಗೆ ತರತ್ತೆ, ಗಾಥೋಗೊ ಕೇಳಿದ್ದ, ರೇಡಿಯೋ ಕೆಲಸ ಮಾಡತ್ತಾ. ಒತ್ತಿದೆ, ಈಗಷ್ಟೇ, ದೀಪ ಆರಿತು, ಮಲಗಿದ್ದು ಎದ್ದಿತು, ಆದರೆ ಹಿಂದೆ ಅವನ ಕಾರಿನಲ್ಲಿ ಇದೇ ದೀಪ ಉರಿಯುತ್ತಿರಬೇಕು, ಅದರ ಬೆಳಕು ನನ್ನ ಮಗಳ ಮೊಣಕಾಲಿಗೆ ಬೀಳುತ್ತಿರಬೇಕು, ಅತ್ತೆ, ಕಿಬಿಚೊಗೆ ಫೋನ್ ಹಚ್ಚಿ, ಆ ಗುಂಡಿ ಒತ್ತೋಕೆ ಹೇಳಿ. ಯಾವ ಗುಂಡಿ. ಹಳದಿ ದೀಪದ್ದು. ದೀಪ ಅಂದ್ಮೇಲೆ ಉರೀಲಿ ಬಿಡೇ, ಅದಕ್ಕೇ ಇರೋದು, ಎನ್ನುತ್ತಲೇ ಹಚ್ಚಿ ನನ್ನ ಕಿವಿಯ ಹತ್ತಿರ ಹಿಡಿದರು, ಎತ್ತಿದವಳು ವಾಂಗೇಚಿ, ಹಿಂದೆ ಹಾಡು ಕಿರುಚುತ್ತಿದೆ, ಅಮ್ಮ, ಚಿಕ್ಕಪ್ಪ ಹೇಳ್ತಿದಾರೆ, ಅಜ್ಜನ ಹಳೇ ಲಾರೀಲಿ ಯಾವ ದೀಪ ಇತ್ತು ಅಂತ, ನೀನು ದೀಪ ನೋಡ್ತಾ ಕೂತ್ರೆ ಹುಡುಗಿ ಮನೆ ಹೆಂಗಸರು ಗೇಟಿಗೆ ಅಡ್ಡ ನಿಂತು ನಮ್ಮ ಮೇಲೆ ಹಾಡು ಕಟ್ಟಿ ಮುಗಿಸಿರ್ತಾರೆ ಅಂತ — ವಾಂಗೇಚಿ, ನೀನೇ ಒತ್ತು ಚಿನ್ನ, ಸ್ಟೀರಿಂಗಿನ ಬಲಗಡೆ, ಅಂದೆನೋ, ಅನ್ನಬೇಕೆಂದುಕೊಂಡೆನೋ, ಗುಡ್ಡದ ಮರೆಗೆ ಫೋನ್ ಸತ್ತಿತ್ತು. ನಿಲ್ಲಿಸಬಹುದು, ಕೈ ಬೀಸಿ ಅವನನ್ನೂ ನಿಲ್ಲಿಸಬಹುದು, ನಿಲ್ಲಿಸೀಯೆ ಮತ್ತೆ, ಅತ್ತೆಯ ಕಣ್ಣು ನನ್ನ ಕಾಲ ಮೇಲಿದೆ, ವರನ ಕಡೆಯವರು ದಾರೀಲಿ ನಿಂತ್ರು ಅಂತ ಆಗಬಾರದು, ಮೂರೂ ಗಾಡಿ ಒಟ್ಟಿಗೇ ಗೇಟಿಗೆ ಹೋಗಬೇಕು, ನಿಲ್ಲಿಸಲಿಲ್ಲ, ಇನ್ನೊಂದು ತಿರುವು, ಅದಾದ ಮೇಲೆ ನೆಲ ಸಮ, ಆಗ ನಿಲ್ಲಿಸುತ್ತೇನೆ,

ಪಿಕಪ್ಪಿನ ಕೆಂಪು ದೀಪ, ತಿರುವಿನಲ್ಲಿ ನೀರಿನ ಪೀಪಾಯಿ ಹೊತ್ತ ಕತ್ತೆಗಾಡಿ, ಆಡುಗಳು ಒಂದರ ಮೇಲೊಂದು, ನಾನು ಬಲಕ್ಕೆ ಎಳೆದೆ, ಕಾರಿನ ಬಾಲ ಎಡಕ್ಕೆ ಹೊರಟಿತು, ಗಾಳಿಯ ಕಡೆಗೆ, ಎದ್ದ ಯಂತ್ರದ ಹಳದಿ ದೀಪ ಪಟಪಟ ಮಿನುಗಿತು, ಕಾಲಡಿ ಗರಗರ ಸದ್ದು, ಯಾರೋ ಹಿಂದಿನಿಂದ ಸೊಂಟ ಹಿಡಿದು ತಿರುಗಿಸಿದ ಹಾಗೆ — ನೆಟ್ಟಗಾಯಿತು, ಒಂದು ಸಕ್ಕರೆ ಚೀಲ ಒಡೆಯಿತು, ಅಷ್ಟೇ, ಏನು ಓಡಿಸ್ತೀಯೆ ನ್ಯಾಗುಥಿ ಎಂದು ಅತ್ತೆ ತಲೆವಸ್ತ್ರ ಸರಿಮಾಡಿಕೊಂಡರು. ಈಗ ನಿಲ್ಲಿಸಿದ್ದೇನೆ. ಕನ್ನಡಿಯಲ್ಲಿ ಮಂಜು. ಹಾಡು ಕೇಳಬೇಕಲ್ಲ, ಇಷ್ಟು ಹೊತ್ತಿಗೆ ಹಾರ್ನ್ ಹೊಡೆದು ನಗಬೇಕಲ್ಲ ಅವನು, ಬಾಗಿಲು ತೆಗೆದೆ, ಹಿಂದಕ್ಕೆ ನಡೆದೆ, ಓಡಿದೆ, ಗಾಥೋಗೊ ಏನೋ ಕೂಗುತ್ತಿದ್ದಾನೆ, ಕತ್ತೆಗಾಡಿಯವನು ಕೈ ತೋರಿಸುತ್ತಿದ್ದಾನೆ, ಕೆಂಪು ಕೆಸರಿನ ಮೇಲೆ ಹಾವು ಹರಿದಂತೆ ಎರಡು ಸೊಟ್ಟ ಗೆರೆ, ರಸ್ತೆಯ ಅಂಚಿನವರೆಗೆ, ಎರಡು ಸೊಟ್ಟ ಗೆರೆ. ಕಾರು ಇಲ್ಲ.